ಸಾಲಿನಲ್ಲಿ ನಿಲ್ಲುವ ಮುನ್ನ

ಪ್ರಸಾದ ಕೊಟ್ಟರೆ ಬೇಡ ಎನ್ನುವ ಅಭ್ಯಾಸ ಹಾಸನ ಸೀಮೆಯವರಿಗಿಲ್ಲ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಗಂಟೆಗಟ್ಟಲೆ ಕಾದು ನಿಂತವರಿರಲಿ, ಗೊರೂರಿನ ಯೋಗಾನರಸಿಂಹನ ಗುಡಿಗೆ ಹೋಗಿ ಬಂದವರಿರಲಿ, ಅಂಗೈಗೆ ಬಿದ್ದದ್ದನ್ನು ಕಣ್ಣಿಗೊತ್ತಿಕೊಂಡೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಮನೆಯಲ್ಲಿ ಉಳಿದವರಿಗೆಂದು ಒಂದಿಷ್ಟನ್ನು ಎಲೆಯಲ್ಲೋ ಕರವಸ್ತ್ರದಲ್ಲೋ ಕಟ್ಟಿಕೊಳ್ಳುವುದೂ ಉಂಟು. ಬೇಡ ಎಂದರೆ ದೇವರನ್ನೇ ಬೇಡ ಎಂದಂತೆ.

ಇದೇ ಜನ ಕಟ್ಟಾಯ, ಗೊರೂರಿನ ಆಸುಪಾಸಿನಲ್ಲಿ ಪರಿಚಯದ ಕ್ರೈಸ್ತರ ಮನೆಯ ಮದುವೆಗೆ ಹೋಗುತ್ತಾರೆ. ಮುಯ್ಯಿ ಕವರು ಜೇಬಿನಲ್ಲಿರುತ್ತದೆ, ಊಟಕ್ಕೆ ಇನ್ನೂ ಹೊತ್ತಿರುತ್ತದೆ. ಬಲಿಪೂಜೆ ಅರ್ಧ ದಾಟಿದ ಮೇಲೆ ಬೆಂಚುಗಳಿಂದ ಜನ ಎದ್ದು ಸಾಲು ಕಟ್ಟುತ್ತಾರೆ. ಮುಂದೆ ನಿಂತ ಫಾದರ್ ಪಾತ್ರೆಯಿಂದ ತೆಳ್ಳನೆಯ ಬಿಳಿ ಬಿಲ್ಲೆಯೊಂದನ್ನು ತೆಗೆದು ಒಬ್ಬೊಬ್ಬರಿಗೂ ಕೊಡುತ್ತಾರೆ. ಪಕ್ಕದವರು ಎದ್ದರು, ಕೂತೇ ಇದ್ದರೆ ಅಗೌರವವಾದೀತು ಎಂದು ನೆಂಟರೂ ಎದ್ದು ನಿಲ್ಲುತ್ತಾರೆ. ಕೈ ಚಾಚುತ್ತಾರೆ. ಕೆಲವರು ಬಾಯಿಗೆ ಹಾಕಿಕೊಳ್ಳುತ್ತಾರೆ. ಇನ್ನು ಕೆಲವರು ಭಕ್ತಿ ಹೆಚ್ಚಾಗಿ ಅದನ್ನು ಜೋಪಾನವಾಗಿ ಕರವಸ್ತ್ರದ ಮಡಿಕೆಗೆ ಸೇರಿಸುತ್ತಾರೆ. ಅಲ್ಲಿಗೆ ಫಾದರ್ ಮುಖ ಬಾಡುತ್ತದೆ, ಪಕ್ಕದಲ್ಲಿ ತಟ್ಟೆ ಹಿಡಿದ ಹುಡುಗನ ಕಣ್ಣು ಅಗಲವಾಗುತ್ತದೆ, ಯಾರೋ ಹಿಂದಿನಿಂದ ಬಂದು ಭುಜ ಮುಟ್ಟಿ ಪಿಸುಗುಟ್ಟುತ್ತಾರೆ. ನೆಂಟರಿಗೆ ತಾವು ಮಾಡಿದ ತಪ್ಪೇನೆಂದು ತಿಳಿಯುವುದಿಲ್ಲ. ಅವಮಾನವಾದದ್ದು ಮಾತ್ರ ತಿಳಿಯುತ್ತದೆ.

ಇದು ಒಂದು ಊರಿನ, ಒಂದು ಮದುವೆಯ ಕತೆಯಲ್ಲ. ಮಿಶ್ರ ಊರುಗಳಲ್ಲಿ ಚರ್ಚಿಗೆ ಹೋಗಿ ಬರುವ ಎಲ್ಲರೂ ಒಂದಲ್ಲ ಒಂದು ಸಲ ಕಂಡದ್ದೇ. ಇದರಲ್ಲಿ ನೆಂಟರ ತಪ್ಪು ಎಳ್ಳಷ್ಟೂ ಇಲ್ಲ.

ಪರಮಪ್ರಸಾದವೆಂದು ಕರೆಯುವ ಆ ಬಿಲ್ಲೆಯ ಬಗ್ಗೆ ಕ್ಯಾಥೊಲಿಕರ ನಂಬಿಕೆ ಹೀಗಿದೆ. ಬಲಿಪೀಠದ ಮೇಲಿಟ್ಟ ರೊಟ್ಟಿ ಮತ್ತು ದ್ರಾಕ್ಷಾರಸ ಪೂಜೆಯ ನಡುವೆ ಯೇಸುಕ್ರಿಸ್ತನ ಶರೀರ ಮತ್ತು ರಕ್ತವೇ ಆಗುತ್ತವೆ. ದೇವರಿಗೆ ಅರ್ಪಿಸಿ ಹಂಚುವ ನೈವೇದ್ಯ ಅದಲ್ಲ, ಅವರ ಪಾಲಿಗೆ ದೇವರೇ. ಅದನ್ನು ಸ್ವೀಕರಿಸುವುದೆಂದರೆ ಈ ನಂಬಿಕೆಗೆ, ಈ ಧರ್ಮಸಭೆಗೆ ತಾನು ಸೇರಿದವನೆಂದು ಎಲ್ಲರೆದುರು ಒಪ್ಪಿಕೊಂಡಂತೆ. ಹಾಗಾಗಿ ದೀಕ್ಷಾಸ್ನಾನವಾಗದವರಿಗೆ ಅದನ್ನು ಕೊಡುವುದಿಲ್ಲ. ಪ್ರೊಟೆಸ್ಟೆಂಟ್ ಸಭೆಗಳ ಕ್ರೈಸ್ತರಿಗೂ ಸಾಮಾನ್ಯವಾಗಿ ಇಲ್ಲ. ಸಾವಿನ ಅಂಚಿನಂಥ ಸಂದರ್ಭಗಳಿಗೆ ಮಾತ್ರ ವಿನಾಯಿತಿ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 844ನೆಯ ವಿಧಿ ಹೇಳುವುದು ಇದನ್ನೇ. ಕೈಗೆ ಕೊಟ್ಟದ್ದನ್ನು ಕೊಟ್ಟವರ ಎದುರೇ ಸೇವಿಸಬೇಕು, ಹೊರಗೆ ಒಯ್ಯುವಂತಿಲ್ಲ ಎಂಬುದನ್ನು ರೋಮ್ 2004ರಲ್ಲಿ ಮತ್ತೊಮ್ಮೆ ಒತ್ತಿ ಹೇಳಿತು.

ಹೊರಗಿನವರಿಗೆ ಅಷ್ಟಾಗಿ ತಿಳಿಯದ ಸಂಗತಿಯೊಂದಿದೆ. ಕ್ಯಾಥೊಲಿಕರಾದರೂ ಎಲ್ಲರೂ ಎದ್ದು ಹೋಗುವುದಿಲ್ಲ. ಪ್ರಥಮ ಪರಮಪ್ರಸಾದವಾಗದ ಮಕ್ಕಳು ಹೋಗುವುದಿಲ್ಲ. ಘೋರ ಪಾಪ ಮಾಡಿದ ಅರಿವಿದ್ದವರು ಪಾಪನಿವೇದನೆ ಮಾಡಿಕೊಳ್ಳದೆ ಹೋಗುವಂತಿಲ್ಲ. ಹಿಂದಿನ ಒಂದು ಗಂಟೆಯಲ್ಲಿ ನೀರು, ಔಷಧಿ ಬಿಟ್ಟು ಬೇರೇನಾದರೂ ತಿಂದವರು ಕುಡಿದವರೂ ಹೋಗುವಂತಿಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರ ಆರೈಕೆ ಮಾಡುವವರಿಗೆ ರಿಯಾಯಿತಿ ಉಂಟು. ಅಂದರೆ ಆ ಹೊತ್ತಿನಲ್ಲಿ ಬೆಂಚಿನ ಮೇಲೆ ಕೂತೇ ಇರುವುದು ಅಗೌರವವಲ್ಲ. ಕೂತವರಲ್ಲಿ ಊರಿನ ಹಳೇ ಕ್ರೈಸ್ತರೂ ಇರುತ್ತಾರೆ, ಅವರು ಯಾಕೆ ಕೂತಿದ್ದಾರೆಂದು ಯಾರೂ ಕೇಳಬಾರದು.

ಉಪವಾಸದ ಈ ಒಂದು ಗಂಟೆ ಬಹಳ ಇಳಿಸಿ ಇಳಿಸಿ ಬಂದ ಲೆಕ್ಕ. ಹಿಂದೆ ನಡುರಾತ್ರಿಯಿಂದ ಹನಿ ನೀರನ್ನೂ ಮುಟ್ಟುವಂತಿರಲಿಲ್ಲ. 1953ರಲ್ಲಿ ಹನ್ನೆರಡನೆಯ ಪೋಪ್ ಪಯಸ್ ನೀರಿಗೆ ಒಪ್ಪಿಗೆ ಕೊಟ್ಟರು, 1957ರಲ್ಲಿ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು, 1964ರ ನವೆಂಬರಿನಲ್ಲಿ ಆರನೆಯ ಪೌಲ್ ಅದನ್ನು ಒಂದು ಗಂಟೆ ಮಾಡಿದರು. ನಡುರಾತ್ರಿಯಿಂದ ಉಪವಾಸವಿದ್ದ ಕಾಲದಲ್ಲಿ ಬೆಳಗಿನ ಜಾವದ ಪೂಜೆಗೇ ಜನ ಓಡುತ್ತಿದ್ದುದು ಭಕ್ತಿಯಿಂದಷ್ಟೇ ಅಲ್ಲ, ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಹತ್ತು ಗಂಟೆಯವರೆಗೂ ಕಾಫಿ ಇಲ್ಲದೆ ಇರುವುದು ಯಾರಿಂದಾದೀತು? ಇನ್ನೊಂದು ಕಟ್ಟುಪಾಡು ಮಾತ್ರ ಇಂದಿಗೂ ಸಡಿಲವಾಗಿಲ್ಲ. ರೊಟ್ಟಿ ಗೋಧಿಯದ್ದೇ ಆಗಬೇಕು, ರಸ ದ್ರಾಕ್ಷಿಯದ್ದೇ ಆಗಬೇಕು. ರಾಗಿ ಉಂಡು ಬೆಳೆದ ಅರಕಲಗೂಡು, ಚನ್ನರಾಯಪಟ್ಟಣದ ಕ್ರೈಸ್ತರಿಗೂ ಬಲಿಪೀಠದ ಮೇಲೆ ಗೋಧಿಯೇ. ಯೇಸು ಕೊನೆಯ ಭೋಜನದಲ್ಲಿ ಕೈಗೆತ್ತಿಕೊಂಡದ್ದು ಯಾವುದೋ ಅದೇ ಇರಲಿ ಎಂಬುದು ಧರ್ಮಸಭೆಯ ಹಟ.

ನಿಯಮ ಸರಿಯೋ ತಪ್ಪೋ ಎಂಬುದು ಅವರವರ ಧರ್ಮಕ್ಕೆ ಬಿಟ್ಟದ್ದು. ಆದರೆ ನಿಯಮ ಇದೆ ಎಂದು ಬಂದವರಿಗೆ ಹೇಳುವ ಹೊಣೆ ಮನೆಯವರದು. ಮದುವೆ, ಹಬ್ಬ, ಶವಸಂಸ್ಕಾರದ ಪೂಜೆಗಳಲ್ಲಿ ಪರಮಪ್ರಸಾದಕ್ಕೆ ಮುಂಚೆ ಅರ್ಧ ನಿಮಿಷ ಮೈಕು ಹಿಡಿದು, ಅಣ್ಣತಮ್ಮಂದಿರೇ, ಸಿದ್ಧತೆ ಮಾಡಿಕೊಂಡ ಕ್ಯಾಥೊಲಿಕರು ಮಾತ್ರ ಮುಂದೆ ಬನ್ನಿ, ಉಳಿದವರು ಕೂತಲ್ಲೇ ನಮ್ಮ ಜೊತೆ ಪ್ರಾರ್ಥನೆ ಮಾಡಿ ಎಂದು ಒಳ್ಳೆಯ ಮಾತಿನಲ್ಲಿ ಹೇಳಿದರೆ ಮುಗಿಯಿತು. ಹೇಳುವ ಚರ್ಚುಗಳಿವೆ. ಹೇಳದೆ ಇದ್ದು, ಆಮೇಲೆ ಅಪಚಾರವಾಯಿತು ಎಂದು ಗೊಣಗುವ ಚರ್ಚುಗಳೂ ಇವೆ. ಅತಿಥಿಯನ್ನು ಕರೆದು, ಎಲ್ಲಿ ಕಾಲಿಡಬಾರದೆಂದು ತಿಳಿಸದೆ, ಅವನು ಅಲ್ಲೇ ಕಾಲಿಟ್ಟ ಮೇಲೆ ಸಿಡುಕುವುದು ಯಾವ ಊರಿನ ಮರ್ಯಾದೆ?

ಇದೊಂದನ್ನು ಬಿಟ್ಟರೆ ಹೊರಗಿನವರಿಗೆ ಅಲ್ಲಿ ಮುಚ್ಚಿದ ಬಾಗಿಲು ಕಡಿಮೆಯೇ. ಎಲ್ಲರ ಜೊತೆ ಎದ್ದು ಕೂರಬಹುದು, ಹಾಡಬಹುದು, ಮೊಂಬತ್ತಿ ಹಚ್ಚಬಹುದು, ತೇರಿನ ಹಿಂದೆ ನಡೆಯಬಹುದು, ಫಾದರ್ ಹತ್ತಿರ ಹೋಗಿ ತಲೆ ಬಾಗಿಸಿ ಆಶೀರ್ವಾದ ಕೇಳಬಹುದು. ಮಂಡಿಯೂರಲೇಬೇಕು, ಶಿಲುಬೆ ಗುರುತು ಹಾಕಲೇಬೇಕು ಎಂಬ ಕಟ್ಟಳೆ ಅವರಿಗಿಲ್ಲ. ಕಾಣಿಕೆ ತಟ್ಟೆ ಮುಂದೆ ಬಂದಾಗ ಸುಮ್ಮನೆ ದಾಟಿಸಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಮರಿಯಮ್ಮನಿಗೆ ಸೀರೆ ತಂದೊಪ್ಪಿಸುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ವಿವೇಕನಗರದ ಬಾಲಯೇಸು ಚರ್ಚಿನ ಗುರುವಾರದ ಜನಜಂಗುಳಿಯಲ್ಲಿ ಯಾರು ಯಾವ ಧರ್ಮ ಎಂದು ಎಣಿಸಲಾಗದು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಯೂ ಹಾಗೆಯೇ. ಇವೆಲ್ಲ ಭಕ್ತಿಯ ಅಂಗಳ, ಯಾರು ಬೇಕಾದರೂ ಬರಬಹುದು. ಪರಮಪ್ರಸಾದದ್ದು ಒಳಮನೆಯ ವಿಷಯ.

ಹಾಸನ ಸೀಮೆಯ ಕ್ಯಾಥೊಲಿಕರ ಭಯಭಕ್ತಿಗೆ ಈ ನೆಲದ ಬಣ್ಣ ಬಂದದ್ದು ನಿನ್ನೆ ಮೊನ್ನೆಯಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಮೈಸೂರು ಸೀಮೆಯಲ್ಲಿ ಮತ್ತೆ ಒಟ್ಟುಗೂಡಿಸಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ. ಇಲ್ಲಿನವರಂತೆ ಉಡುಪು ತೊಟ್ಟು, ಇಲ್ಲಿನ ಊಟ ಉಂಡು, ಹಳ್ಳಿ ಹಳ್ಳಿ ತಿರುಗಿದ ಮನುಷ್ಯ. ಇಷ್ಟೆಲ್ಲ ಇಲ್ಲಿನವರಾಗಿದ್ದ ದುಬ್ವಾ, ಸ್ಥಳೀಯ ಕ್ರೈಸ್ತರ ಮೆರವಣಿಗೆಗಳ ತಮಟೆ, ಕಹಳೆ, ಪಂಜುಗಳ ಅಬ್ಬರವನ್ನು ಮಾತ್ರ ಮೆಚ್ಚಲಿಲ್ಲ. 1823ರಲ್ಲಿ ಅಚ್ಚಾದ ಅವರ ಪತ್ರಗಳ ಪುಸ್ತಕದಲ್ಲಿ ಆ ಬೇಸರ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಪಾದ್ರಿಗೆ ಗದ್ದಲವೆನಿಸಿದ್ದೇ ಊರಿನವರಿಗೆ ಭಕ್ತಿ. ಕೊನೆಗೆ ಗೆದ್ದವರು ಊರಿನವರು. ತೇರು ಇಂದಿಗೂ ಎಳೆಯುತ್ತಾರೆ.

ಆ ಕಾಲದ ಪೂಜೆ ಲ್ಯಾಟಿನ್ನಿನಲ್ಲಿ. ಪಾದ್ರಿ ಜನರಿಗೆ ಬೆನ್ನು ಮಾಡಿ ಬಲಿಪೀಠಕ್ಕೆ ಮುಖ ಮಾಡಿ ಮೆಲ್ಲನೆ ಓದುತ್ತಿದ್ದರೆ, ಹಿಂದೆ ಜನ ತಮ್ಮ ಪಾಡಿಗೆ ಕನ್ನಡದಲ್ಲಿ ಜಪಸರ ಹೇಳುತ್ತಿದ್ದರು. ಗಂಟೆ ಬಾರಿಸಿದಾಗ ಎಲ್ಲರೂ ತಲೆ ಎತ್ತಿ ನೋಡುವುದು, ಮತ್ತೆ ಮಣಿ ಎಣಿಸುವುದು. ಅದರಲ್ಲಿ ಭಕ್ತಿ ಇರಲಿಲ್ಲ ಎನ್ನುವಂತಿಲ್ಲ. ಆದರೆ ಪೂಜೆ ಒಂದು ಕಡೆ, ಜನ ಒಂದು ಕಡೆ. 1963ರ ನವೆಂಬರ್ 16ರಂದು ಮೈಸೂರು ಧರ್ಮಕ್ಷೇತ್ರದಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿತು. ಇಂದು ಹಾಸನ ಜಿಲ್ಲೆ ಅದಕ್ಕೆ ಸೇರಿದೆ. ಅದಾದ ಮೂರು ವಾರದೊಳಗೆ, ಡಿಸೆಂಬರ್ 4ರಂದು, ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯ ಸುಧಾರಣೆಗೆ ಒಪ್ಪಿಗೆ ಕೊಟ್ಟಿತು. ಜನ ಪ್ರೇಕ್ಷಕರಾಗಿ ಕೂರಬಾರದು, ತಿಳಿದು, ಮನಸ್ಸಿಟ್ಟು, ಪೂರ್ಣವಾಗಿ ಪಾಲ್ಗೊಳ್ಳಬೇಕು ಎಂಬುದು ಅದರ ತಿರುಳು. 1965ರ ಮಾರ್ಚ್ 7ರಿಂದ ಹೊಸ ಕ್ರಮ ಜಾರಿಗೆ ಬಂತು, ಲ್ಯಾಟಿನ್ನಿನ ಜಾಗಕ್ಕೆ ಜನರ ಮಾತು ಬರತೊಡಗಿತು. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡಕ್ಕೆ ಎಷ್ಟು ಜಾಗ ಎಂಬ ಜಗಳ ದಶಕಗಟ್ಟಲೆ ನಡೆಯಿತು. ಮನೆಮಾತೂ ಕನ್ನಡವೇ ಆಗಿದ್ದ ಹಳ್ಳಿಗಳಿಗೆ ಆ ತಲೆನೋವಿರಲಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋದದ್ದು 1969ರ ಏಪ್ರಿಲ್ 25ರಂದು. ಭಾರತದ ಬಿಷಪ್ಪರು ಕೇಳಿದ ಹನ್ನೆರಡು ಅಂಶಗಳಿಗೆ ರೋಮ್ ಅಂದು ಸಮ್ಮತಿ ನೀಡಿತು. ನೆಲದ ಮೇಲೆ ಕುಳಿತು ಪೂಜೆಯಲ್ಲಿ ಪಾಲ್ಗೊಳ್ಳುವುದು, ಚಪ್ಪಲಿ ಕಳಚುವುದು, ಮಂಡಿ ಬಗ್ಗಿಸುವ ಬದಲು ಕೈಮುಗಿದು ತಲೆಬಾಗುವುದು, ಪಂಚಾಂಗ ಪ್ರಣಾಮ, ಬಲಿಪೀಠಕ್ಕೆ ಮುತ್ತಿಡುವ ಬದಲು ಬೆರಳಿನಿಂದ ಮುಟ್ಟಿ ಹಣೆಗೊತ್ತಿಕೊಳ್ಳುವುದು, ಮೊಂಬತ್ತಿಯ ಬದಲು ಎಣ್ಣೆದೀಪ, ಆರತಿ. ಇದರ ಹಿಂದೆ ದುಡಿದವರಲ್ಲಿ ಮುಖ್ಯರು ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವನ್ನು ಕಟ್ಟಿದ ಡಿ. ಎಸ್. ಅಮಲೋರ್ ಪವದಾಸ್, ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮ ಸ್ಥಾಪಿಸಿದವರೂ ಅವರೇ. ಇದೆಲ್ಲ ಹಿಂದೂಕರಣ ಎಂದು ಅನೇಕ ಕ್ಯಾಥೊಲಿಕರೇ ಆಗ ಹುಯಿಲೆಬ್ಬಿಸಿದರು, ಇಂದಿಗೂ ಆ ಮಾತು ನಿಂತಿಲ್ಲ. ವಿಚಿತ್ರವೆಂದರೆ ಆ ಹನ್ನೆರಡರಲ್ಲಿ ಕೆಲವು ನಮ್ಮ ಹಳ್ಳಿಗಳಲ್ಲಿ ರೋಮ್ ಒಪ್ಪುವ ಮೊದಲೇ ಇದ್ದವು. ಗುಡಿಯಾದರೇನು, ಚರ್ಚಾದರೇನು, ಹೊಸಿಲ ಹೊರಗೆ ಮೆಟ್ಟು ಬಿಡಬೇಕೆಂದು ಇಲ್ಲಿನವರಿಗೆ ವ್ಯಾಟಿಕನ್ ಕಲಿಸಬೇಕಿರಲಿಲ್ಲ. ಹೆಂಗಸರು ತಲೆ ಮೇಲೆ ಸೆರಗು ಹೊದೆಯುವುದೂ ಅಷ್ಟೇ: 1917ರ ಸಂಹಿತೆಯಲ್ಲಿದ್ದ ಆ ಕಟ್ಟಳೆ 1983ರ ಸಂಹಿತೆಯಲ್ಲಿಲ್ಲ, ಕಾನೂನು ಬಿಟ್ಟರೂ ಸೆರಗು ಬಿಟ್ಟಿಲ್ಲ. ಹೊದೆಯದ ಹುಡುಗಿಯರನ್ನು ಗದರಿಸುವ ಹಿರಿಯರಿಗೆ ಮಾತ್ರ ಈ ಸಂಗತಿ ಯಾರಾದರೂ ತಿಳಿಸಬೇಕು.

ಈಗ ಒಳಗಿನವರ ಕಡೆಗೆ ತಿರುಗೋಣ, ಏಕೆಂದರೆ ನಿಜವಾದ ದೂರು ಇರುವುದು ಅಲ್ಲಿ.

ಭಾನುವಾರ ಯಾವುದಾದರೂ ಹಳ್ಳಿ ಚರ್ಚಿನ ಮುಂದೆ ನಿಂತು ನೋಡಿ. ಒಳಗೆ ವಾಚನ ನಡೆಯುತ್ತಿರುತ್ತದೆ. ಹೊರಗೆ, ಮರದ ನೆರಳಿನಲ್ಲಿ, ಬೈಕಿನ ಸೀಟಿನ ಮೇಲೆ ಒರಗಿದ ಗಂಡಸರ ಒಂದು ಗುಂಪು ಇದ್ದೇ ಇರುತ್ತದೆ. ಶುಂಠಿ ರೇಟು, ಆಲೂಗಡ್ಡೆ ಬಿತ್ತನೆ, ಯಾರ ಜಮೀನಿನ ಪೋಡಿ ಎಲ್ಲಿಗೆ ಬಂತು, ಎಲ್ಲ ಅಲ್ಲೇ ಇತ್ಯರ್ಥ. ಪ್ರಬೋಧನೆ ಮುಗಿಯಿತೆಂದು ಒಳಗಿನ ಹಾಡಿನಿಂದ ಗೊತ್ತಾದೊಡನೆ ಒಬ್ಬೊಬ್ಬರೇ ಬಾಗಿಲ ಬಳಿ ಬರುತ್ತಾರೆ. ಪರಮಪ್ರಸಾದ ಸ್ವೀಕರಿಸಿದ್ದೇ ತಡ, ಕೊನೆಯ ಆಶೀರ್ವಾದಕ್ಕೂ ಕಾಯದೆ ಬೈಕ್ ಸ್ಟಾರ್ಟ್. ಕರವಸ್ತ್ರದಲ್ಲಿ ಭಕ್ತಿಯಿಂದ ಬಿಲ್ಲೆ ಕಟ್ಟಿಕೊಂಡ ನೆಂಟ ಹೆಚ್ಚು ಅಪಚಾರ ಮಾಡಿದನೋ, ಇವರೋ? ಕಾನೂನು ಪುಸ್ತಕ ಏನೇ ಹೇಳಲಿ, ನೋಡಿದವರ ತೀರ್ಪು ನೆಂಟನ ಪರವಾಗಿಯೇ ಇರುತ್ತದೆ.

ಮದುವೆಯ ಫೋಟೊಗ್ರಾಫರುಗಳದ್ದು ಇನ್ನೊಂದು ಅಧ್ಯಾಯ. ವಧೂವರರು ಪ್ರತಿಜ್ಞೆ ಮಾಡುವ ಹೊತ್ತಿಗೆ ಬಲಿಪೀಠದ ಮೆಟ್ಟಿಲ ಮೇಲೆ ಮೂರು ಜನ, ಲೈಟ್ ಹಿಡಿದವನು ಬೇರೆ, ಗೋಪುರದ ಮೇಲೆ ಡ್ರೋನಿನ ಗುಂಯ್ ಸದ್ದು. ಕುಳಿತವರಿಗೆ ಮದುಮಕ್ಕಳ ಬದಲು ಕ್ಯಾಮೆರಾದವರ ಬೆನ್ನು ಕಾಣುತ್ತದೆ. ಫಾದರ್ ಒಮ್ಮೊಮ್ಮೆ ಪ್ರಾರ್ಥನೆ ನಿಲ್ಲಿಸಿ ಇವರಿಗಾಗಿ ಕಾಯುವುದೂ ಉಂಟು, ಉಂಗುರ ಇನ್ನೊಮ್ಮೆ ತೊಡಿಸಿ ಎಂಬ ಕೋರಿಕೆಯೂ ಬರುವುದುಂಟು. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿಗೆ ದಿನವೂ ಪ್ರವಾಸಿಗರ ದಂಡೇ ಬರುತ್ತದೆ; ಅಲ್ಲಿ ಒಳಗೆ ಫೋಟೊ ತೆಗೆಯುವಂತಿಲ್ಲ ಎಂದು ಬೋರ್ಡು ಹಾಕಿದ್ದಾರೆ, ಬಂದವರು ಪಾಲಿಸುತ್ತಾರೆ. ಊರಿನ ಚರ್ಚಿನಲ್ಲಿ ಮದುವೆಯಂಥ ದಿನ ಫೋಟೊ ಬೇಡವೇ ಬೇಡ ಎನ್ನುವುದು ಅತಿಯಾದೀತು. ಕ್ಯಾಮೆರಾ ಒಂದು, ನಿಲ್ಲುವ ಜಾಗ ಒಂದು, ರೊಟ್ಟಿ, ದ್ರಾಕ್ಷಾರಸಗಳ ಪ್ರತಿಷ್ಠಾಪನೆಯ ಪ್ರಾರ್ಥನೆಯಿಂದ ಪರಮಪ್ರಸಾದದವರೆಗೆ ವಿರಾಮ ಎಂದು ಮದುವೆ ಬುಕ್ ಮಾಡುವಾಗಲೇ ಹೇಳಿದರೆ ಜಗಳವೇ ಇರುವುದಿಲ್ಲ.

ಕ್ಯಾಥೊಲಿಕರು ತಮ್ಮ ತಮ್ಮಲ್ಲೇ ಕೇಳಿಕೊಳ್ಳುವ ಪ್ರಶ್ನೆಗಳೂ ಕಡಿಮೆಯಿಲ್ಲ. ಕೈಯಲ್ಲಿ ತೆಗೆದುಕೊಳ್ಳುವುದೋ, ನಾಲಿಗೆಯ ಮೇಲೋ? ಭಾರತದಲ್ಲಿ ಎರಡಕ್ಕೂ ಒಪ್ಪಿಗೆ ಇದೆ. ಕೈಯಲ್ಲಾದರೆ ಎಡ ಅಂಗೈಯಲ್ಲಿ ಪಡೆದು, ಬಲಗೈಯಿಂದ ಎತ್ತಿ, ಅಲ್ಲೇ ಸೇವಿಸಬೇಕು. ಚುರುಮುರಿಯಂತೆ ಬಾಯಿಗೆ ಎಸೆದುಕೊಳ್ಳುವುದಲ್ಲ. 2020ರ ಕೊರೊನಾ ಹೊತ್ತಿನಲ್ಲಿ ಕೈಗೇ ಕೊಟ್ಟದ್ದರಿಂದ ನಾಲಿಗೆಯ ಪದ್ಧತಿಯೇ ರದ್ದಾಯಿತೆಂದು ಕೆಲವರು ತಿಳಿದಿದ್ದಾರೆ, ಹಾಗೇನೂ ಆಗಿಲ್ಲ. ಟೀವಿಯಲ್ಲೋ ಮೊಬೈಲಿನಲ್ಲೋ ಪೂಜೆ ನೋಡಿದರೆ ಸಾಲದೇ ಎಂಬ ಪ್ರಶ್ನೆಯೂ ಆಗ ಹುಟ್ಟಿದ್ದೇ. ಹಾಸಿಗೆ ಹಿಡಿದವರಿಗೆ ಅದು ಸಮಾಧಾನ, ಅವರಿಗೆ ಚರ್ಚಿಗೆ ಹೋಗಲೇಬೇಕೆಂಬ ಕಟ್ಟುಪಾಡೇ ಇಲ್ಲ. ಕಾಲು ಗಟ್ಟಿ ಇದ್ದವರಿಗೆ ಭಾನುವಾರದ ಲೆಕ್ಕಕ್ಕೆ ಅದು ಸೇರುವುದಿಲ್ಲ. ಮಂಡಿನೋವಿನವರು ಮಂಡಿಯೂರದೆ ನಿಂತು ತಲೆಬಾಗಿದರೆ ಸಾಕೆಂದು ನಿಯಮವೇ ಹೇಳುತ್ತದೆ.

ಪೂಜೆ ನಡೆಯುವ ಚರ್ಚಿನ ಮಾತು ಇಷ್ಟಾಯಿತು. ಪೂಜೆ ನಿಂತುಹೋದ ಚರ್ಚಿಗೆ ಹೋದವರು ಹೇಗಿರಬೇಕು? ಈ ಪ್ರಶ್ನೆ ಬೇರೆ ಜಿಲ್ಲೆಯವರಿಗಿಂತ ಹಾಸನದವರಿಗೆ ಹೆಚ್ಚು ಸಲ್ಲುತ್ತದೆ, ಏಕೆಂದರೆ ಶೆಟ್ಟಿಹಳ್ಳಿ ಇರುವುದು ಇಲ್ಲಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಹೇಮಾವತಿಯ ದಂಡೆಯಲ್ಲಿ ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ರೋಸರಿ ಚರ್ಚು ಅದು. ಗೊರೂರಿನಲ್ಲಿ ಅಣೆಕಟ್ಟು ಎದ್ದು 1979ರಲ್ಲಿ ಮುಗಿಯಿತು. ಹಿನ್ನೀರು ಊರನ್ನು ನುಂಗಿತು, ಜನ ಬೇರೆಡೆ ಹೋದರು, ಚರ್ಚು ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಕಮಾನುಗಳ ಅರ್ಧದವರೆಗೆ ನೀರು, ಬೇಸಿಗೆಯಲ್ಲಿ ಒಣಗಿದ ಕೆಸರಿನ ಬಯಲು. ಬೆಂಗಳೂರಿನ ನಂಬರ್ ಪ್ಲೇಟಿನ ಕಾರುಗಳು ಗೋಡೆಯ ಬುಡದವರೆಗೂ ಬರುತ್ತವೆ. ಮದುವೆಗೆ ಮೊದಲಿನ ಫೋಟೊಶೂಟಿಗೆ ಇದು ಅಚ್ಚುಮೆಚ್ಚಿನ ಜಾಗ. ಒಂದು ಕಮಾನಿನ ಕೆಳಗೆ ಹೊಗೆಬಾಂಬು, ಇನ್ನೊಂದರ ಕೆಳಗೆ ಉದ್ದನೆಯ ಗೌನು. ಗಾರೆ ಉದುರಿದ ಇಟ್ಟಿಗೆಯ ಮೇಲೆ ಹೆಸರುಗಳು, ಹೃದಯದ ಚಿತ್ರಗಳು. ಬಲಿಪೀಠವಿದ್ದ ಜಾಗದಲ್ಲಿ ಬಿಯರ್ ಬಾಟಲಿಯ ಚೂರು.

ಅದು ಈಗ ಪವಿತ್ರ ಸ್ಥಳವೇ ಅಲ್ಲವೇ ಎಂದು ಕೇಳಿದರೆ ಸಂಹಿತೆಯ ಉತ್ತರ ಸ್ವಾರಸ್ಯವಾಗಿದೆ. 1212ನೆಯ ವಿಧಿಯ ಪ್ರಕಾರ ಹೆಚ್ಚಿನ ಭಾಗ ನಾಶವಾದ ಪವಿತ್ರ ಸ್ಥಳ ತನ್ನ ಪ್ರತಿಷ್ಠೆಯನ್ನು ಕಳೆದುಕೊಳ್ಳುತ್ತದೆ. ಹಾಗೆಂದು ಅಲ್ಲಿ ಏನು ಬೇಕಾದರೂ ಮಾಡಬಹುದು ಎಂದಲ್ಲ. ಪೂಜೆಗೆ ಒದಗದ ಚರ್ಚನ್ನು ಬಿಷಪ್ಪರು ಲೌಕಿಕ ಬಳಕೆಗೆ ಬಿಡಬಹುದು, ಆದರೆ ಆ ಬಳಕೆ ಹೀನವಾಗಿರಬಾರದು ಎನ್ನುತ್ತದೆ 1222ನೆಯ ವಿಧಿ. ಫೋಟೊ ತೆಗೆಯುವುದು ಲೌಕಿಕ, ಬುತ್ತಿ ಬಿಚ್ಚುವುದು ಲೌಕಿಕ, ಹುಡುಗ ಹುಡುಗಿ ಕೈ ಹಿಡಿದು ನಡೆಯುವುದೂ ಲೌಕಿಕವೇ; ಇವುಗಳಿಗೆಲ್ಲ ಹುಬ್ಬು ಗಂಟಿಕ್ಕುವ ಅಗತ್ಯ ಕಾಣುವುದಿಲ್ಲ. ಗೋಡೆ ಕೆತ್ತುವುದು, ಕಮಾನು ಹತ್ತುವುದು, ಬಾಟಲಿ ಒಡೆಯುವುದು ಎರಡನೆಯ ಜಾತಿಗೆ ಸೇರಿದವು. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬರಿಗಾಲಲ್ಲಿ ಹತ್ತಿ ಇಳಿದವರೇ ಅದೇ ದಿನ ಮಧ್ಯಾಹ್ನ ಶೆಟ್ಟಿಹಳ್ಳಿಗೆ ಬಂದು ಕಮಾನಿನ ಮೇಲೆ ನಿಂತು ರೀಲ್ಸ್ ಮಾಡುತ್ತಾರೆ. ಅವರಿಗೆ ಭಕ್ತಿ ಇಲ್ಲವೆಂದಲ್ಲ. ಇಲ್ಲಿ ಒಂದು ಊರು ನೂರು ವರ್ಷಕ್ಕೂ ಹೆಚ್ಚು ಕಾಲ ಮಂಡಿಯೂರಿತ್ತು, ಮಕ್ಕಳಿಗೆ ಹೆಸರಿಟ್ಟಿತ್ತು, ಸತ್ತವರನ್ನು ಕಳಿಸಿಕೊಟ್ಟಿತ್ತು ಎಂದು ಅವರಿಗೆ ತಿಳಿಸುವವರಿಲ್ಲ.

ಜಿಲ್ಲಾಡಳಿತವೂ ಧರ್ಮಕ್ಷೇತ್ರವೂ ಕೂಡಿ ಅಲ್ಲಿಗೆ ಹೋಗುವ ದಾರಿಯ ಕೊನೆಯಲ್ಲಿ ಕನ್ನಡದ ಫಲಕವೊಂದನ್ನು ನೆಡಬೇಕು. ಯಾವಾಗ ಕಟ್ಟಿದ್ದು, ಯಾರು ಪ್ರಾರ್ಥಿಸುತ್ತಿದ್ದರು, ಯಾಕೆ ಬಿಟ್ಟು ಹೋದರು, ಗೋಡೆ ಏಕೆ ಮುಟ್ಟಬಾರದು ಎಂಬ ನಾಲ್ಕು ಸಾಲು ಸಾಕು. ಬೆದರಿಕೆಯ ಭಾಷೆ ಬೇಡ, ದಂಡದ ಮೊತ್ತವನ್ನು ಬೇಕಾದರೆ ಕೆಳಗೆ ಸಣ್ಣಕ್ಷರದಲ್ಲಿ ಬರೆಯಲಿ. ಶಿಥಿಲವಾದ ಕಮಾನುಗಳ ಸುತ್ತ ಬೇಲಿ ಬೇಕು, ಇಲ್ಲದಿದ್ದರೆ ಒಂದು ದಿನ ಯಾರದಾದರೂ ತಲೆ ಮೇಲೆಯೇ ಇಟ್ಟಿಗೆ ಬೀಳುತ್ತದೆ. ಹಿನ್ನೀರು ಇಳಿದು ಪ್ರವಾಸಿಗರ ಕಾರುಗಳು ಸಾಲುಗಟ್ಟುವ ಮೊದಲು ಇಷ್ಟನ್ನು ಮಾಡಿ ಮುಗಿಸಲು ದೊಡ್ಡ ಬಜೆಟ್ಟೇನೂ ಬೇಕಿಲ್ಲ. ಬರೆದುಕೊಡುವವರು ಒಬ್ಬರು, ಸಹಿ ಹಾಕುವವರು ಇಬ್ಬರು, ಗುಂಡಿ ತೋಡುವವರು ನಾಲ್ಕು ಜನ ಸಾಕು.